ಬಿ.ಎ.ಯೂ ಇರಲಿ, ತಂಬೂರಿಯೂ ಇರಲಿ: ಹಿಟ್ನಾಳ ಕಡೆಯ ವಿದ್ಯಾರ್ಥಿಗಳಿಗೆ ಯಶಸ್ಸಿನ ಸೂತ್ರಗಳು

ಹಿಟ್ನಾಳ, ಹುಲಿಗಿ, ಮುನಿರಾಬಾದ್ ಕಡೆ ಪಿಯುಸಿ ಮುಗಿಸಿದ ಹುಡುಗಿ ‘ನಾ ಸಂಗೀತ ಓದತೀನಿ’ ಅಂದರೆ ಮನೆಯಲ್ಲಿ ಬರುವ ಮಾತು ಗೊತ್ತಿದ್ದದ್ದೇ: ‘ಹಾಡಿಕೋತ ಕುಂತರ ಹೊಟ್ಟಿ ತುಂಬತೈತೇನು? ಮೊದಲ ಬಿ.ಎ. ಮಾಡು, ಬಿ.ಎಡ್. ಮಾಡು. ಆಮ್ಯಾಲ ಬೇಕಾದಷ್ಟು ಹಾಡು.’ ಅಪ್ಪ ಅವ್ವನ ಆತಂಕ ಸುಳ್ಳಲ್ಲ. ಆದರೆ ಆ ‘ಆಮ್ಯಾಲ’ ಬರುವ ಹೊತ್ತಿಗೆ ಕಂಠ ಹದಗೊಳ್ಳುವ ವಯಸ್ಸು ದಾಟಿರುತ್ತದೆ. ಈಗ ಎರಡನ್ನೂ ಒಟ್ಟಿಗೆ ಓದಲು ಅವಕಾಶವಿದೆ. ಎಲ್ಲರಿಗೂ ಅದು ಒಗ್ಗುವುದಿಲ್ಲ. ಒಗ್ಗಿಸಿಕೊಳ್ಳಲು ಮನಸ್ಸಿರುವವರಿಗೆ ಈ ಸೂತ್ರಗಳು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ದಾಖಲಾತಿ ಎರಡಾದರೂ ಓದು ಒಂದೇ ಆಗಬೇಕು. ಬಿ.ಎ. ಓದಿದ್ದು ಹಾಡಿಗೆ ಒದಗಬೇಕು, ಹಾಡಿದ್ದು ಬಿ.ಎ.ಗೆ ಒದಗಬೇಕು.

1. ಮೊದಲು ನಿಯಮ ತಿಳಿದುಕೊಳ್ಳಿ

ಒಂದೇ ಕಾಲಕ್ಕೆ ಎರಡು ಪದವಿ ಓದಬಹುದು ಎಂದು ಯುಜಿಸಿ 2022ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಎರಡಕ್ಕೂ ಕಾಲೇಜಿಗೆ ಹೋಗುವುದಾದರೆ ತರಗತಿಗಳ ಸಮಯ ಒಂದರ ಮೇಲೊಂದು ಬೀಳಬಾರದು. ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಆಗಬಹುದು. ಎರಡೂ ದೂರಶಿಕ್ಷಣದಲ್ಲೂ ಆಗಬಹುದು. ದೂರಶಿಕ್ಷಣದ ಕೋರ್ಸಿಗೆ ಮಾನ್ಯತೆ ಇರಲೇಬೇಕು. ಪಿಎಚ್.ಡಿ.ಗೆ ಈ ಸವಲತ್ತು ಅನ್ವಯಿಸುವುದಿಲ್ಲ.

ಆದರೆ ಇದನ್ನು ಜಾರಿಗೆ ತರುವ ಕ್ರಮವನ್ನು ಆಯಾ ವಿಶ್ವವಿದ್ಯಾಲಯವೇ ರೂಪಿಸಿಕೊಳ್ಳಬೇಕು. ಹಾಗಾಗಿ ನೀವು ಸೇರಬೇಕೆಂದಿರುವ ಎರಡೂ ವಿಶ್ವವಿದ್ಯಾಲಯಗಳಿಗೆ ಅರ್ಜಿ ಬರೆದು, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ‘ಆಗತೈತಿ ಬಿಡ್ರಿ’ ಅನ್ನುವ ಬಾಯಿಮಾತು ಮೂರನೆಯ ವರ್ಷ ಮಾರ್ಕ್ಸ್‌ಕಾರ್ಡ್ ಕೈಗೆ ಬರುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

2. ಟಿಸಿ ಒಂದೇ, ಕಾಲೇಜು ಎರಡು

ಇದು ಸಣ್ಣ ವಿಷಯ, ಎಡವುವುದು ಇಲ್ಲೇ. ಎರಡೂ ಕಡೆ ಪ್ರವೇಶಕ್ಕೆ ಮೂಲ ಟಿಸಿ, ಮೂಲ ಅಂಕಪಟ್ಟಿ ಕೇಳುತ್ತಾರೆ. ಟಿಸಿ ಇರುವುದು ಒಂದೇ. ಮೊದಲ ಕಾಲೇಜಿಗೆ ಕೊಡುವ ಮುಂಚೆ ದೃಢೀಕರಿಸಿದ ನಕಲುಗಳನ್ನು ಮಾಡಿಸಿಟ್ಟುಕೊಳ್ಳಿ. ‘ಮೂಲ ಟಿಸಿ ನಮ್ಮಲ್ಲಿದೆ’ ಎಂದು ಮೊದಲ ಕಾಲೇಜಿನಿಂದ ಪತ್ರ ಬರೆಸಿಕೊಳ್ಳಿ. ಎರಡನೆಯ ಕಡೆ ಅದು ನಡೆಯುತ್ತದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಿ, ಕಟ್ಟಿದ ಮೇಲಲ್ಲ.

3. ಸಂಗೀತ ಎದುರು ಕೂತು, ಬಿ.ಎ. ದೂರದಿಂದ

ಯಾವುದನ್ನು ರೆಗ್ಯುಲರ್ ಮಾಡುವುದು? ಹೆಚ್ಚಿನವರು ಬಿ.ಎ.ಯನ್ನು ಕೊಪ್ಪಳದಲ್ಲಿ ರೆಗ್ಯುಲರ್ ಆಗಿ ಓದಿ, ಸಂಗೀತವನ್ನು ‘ಹೆಂಗೋ’ ಮಾಡಿಕೊಳ್ಳಲು ನೋಡುತ್ತಾರೆ. ನಾನಾದರೆ ತಿರುವುಮುರುವು ಮಾಡುತ್ತೇನೆ. ಇತಿಹಾಸದ ಪಾಠವನ್ನು ಪುಸ್ತಕದಿಂದ ಓದಬಹುದು. ಗಾಂಧಾರ ಎಷ್ಟು ಇಳಿದಿದೆ ಎಂದು ಹೇಳಲು ಎದುರಿಗೆ ಒಬ್ಬರು ಕೂತಿರಲೇಬೇಕು. 1996ರಲ್ಲಿ ಶುರುವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮಾಡುತ್ತ, ಸಂಗೀತ ಪದವಿಯನ್ನು ಗದಗ ಅಥವಾ ಧಾರವಾಡದಲ್ಲಿ ತರಗತಿಯಲ್ಲಿ ಕೂತು ಓದುವುದು ನನ್ನ ಮಟ್ಟಿಗೆ ಒಳ್ಳೆಯ ಜೋಡಿ.

ಊರು ಬಿಡಲಾಗದವರಿಗೆ ಎರಡನೆಯ ದಾರಿ: ಕೊಪ್ಪಳದ ಗವಿಸಿದ್ಧೇಶ್ವರ ಕಾಲೇಜಿನಂಥ ಕಡೆ ಬಿ.ಎ., ಸಂಜೆ ಸ್ಥಳೀಯ ಗುರುಗಳ ಹತ್ತಿರ ತಾಲೀಮು, ವರ್ಷಕ್ಕೊಂದು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆ. ಪ್ರಾರಂಭಿಕದಿಂದ ಹಿಡಿದು ಪ್ರವೇಶಿಕಾ, ಮಧ್ಯಮಾ ದಾಟಿ ವಿಶಾರದ, ಅಲಂಕಾರದವರೆಗೆ ಅದರ ಮೆಟ್ಟಿಲುಗಳಿವೆ. ಇದು ವಿಶ್ವವಿದ್ಯಾಲಯದ ಪದವಿಯಲ್ಲವಾದ್ದರಿಂದ ಟಿಸಿ ತಕರಾರು, ಹಾಜರಾತಿ ತಕರಾರು ಎರಡೂ ಇಲ್ಲ. ವಿಶಾರದವನ್ನು ಪದವಿಗೆ ಸಮ ಎಂದು ಒಪ್ಪುವ ಕಡೆಗಳಿವೆ, ಒಪ್ಪದ ಕಡೆಗಳೂ ಇವೆ. ಮುಂದೆ ಎಂ.ಮ್ಯೂಸಿಕ್ ಮಾಡುವ ಆಸೆಯಿದ್ದರೆ ಆ ವಿಶ್ವವಿದ್ಯಾಲಯದ ಅರ್ಹತೆಯನ್ನು ಈಗಲೇ ನೋಡಿಟ್ಟುಕೊಳ್ಳಿ.

ಮೂರನೆಯದು ಎಲ್ಲಕ್ಕಿಂತ ಹಗುರ: ಬಿ.ಎ.ಯಲ್ಲೇ ಸಂಗೀತವನ್ನು ಒಂದು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವುದು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಈ ಪದ್ಧತಿ ಹಳೆಯದು. ಎರಡು ಪದವಿಯ ಹಟ ಇಲ್ಲದವರಿಗೆ ಇಷ್ಟು ಸಾಕು.

4. ಸಂಗೀತಕ್ಕೆ ಉಣ್ಣಿಸುವ ವಿಷಯ ಆರಿಸಿ

ಬಿ.ಎ.ಗೆ ‘ಸುಲಭ’ ಅನ್ನುವ ಕಾರಣಕ್ಕೆ ವಿಷಯ ಆರಿಸಬೇಡಿ. ಹಾಡುವವರಿಗೆ ಕನ್ನಡ, ಇತಿಹಾಸ, ಸಂಸ್ಕೃತ, ಜಾನಪದ ಇವು ನೇರವಾಗಿ ಕೆಲಸಕ್ಕೆ ಬರುತ್ತವೆ. ಹಿಟ್ನಾಳದವರಿಗಂತೂ ಪಠ್ಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹೊಳೆ ದಾಟಿದರೆ ವಿಜಯನಗರ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥ ಹದಿನೈದನೆಯ ಶತಮಾನದಲ್ಲಿ ಅಲ್ಲಿದ್ದವನು. ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ; ವೀಣೆಯ ಮೆಟ್ಟಿಲುಗಳ ಮೇಲೆ ಸ್ವರಗಳನ್ನು ಗೊತ್ತುಮಾಡಿ, ರಾಗಗಳನ್ನು ಮೇಳಗಳಾಗಿ ವಿಂಗಡಿಸಿದ. ಆ ಮೇಳದ ವಿಚಾರವೇ ಮುಂದೆ ವೆಂಕಟಮಖಿಯಲ್ಲಿ 72 ಮೇಳಗಳಾಗಿ ಬೆಳೆಯಿತು. ವಿಷ್ಣು ನಾರಾಯಣ ಭಾತಖಂಡೆ ದಕ್ಷಿಣದ ಈ ಗ್ರಂಥಗಳನ್ನು ಹುಡುಕಿ ಓದಿ, ಹಿಂದುಸ್ತಾನಿ ರಾಗಗಳನ್ನು ಹತ್ತು ಥಾಟುಗಳಿಗೆ ತಂದರು. ‘ಯಮನ್ ರಾಗ, ಕಲ್ಯಾಣ ಥಾಟ್’ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವ ಹುಡುಗನಿಗೆ ಆ ಥಾಟಿನ ಒಂದು ಬೇರು ತನ್ನೂರಿನ ಎದುರು ದಡದಲ್ಲಿದೆ ಎಂದು ಗೊತ್ತಾದರೆ, ಇತಿಹಾಸದ ಪ್ರಶ್ನೆಪತ್ರಿಕೆಯೂ ಸಂಗೀತದ ಥಿಯರಿಯೂ ಒಟ್ಟಿಗೇ ಹಗುರಾಗುತ್ತವೆ.

ಈ ದಡದಲ್ಲೂ ಕಡಿಮೆಯಿಲ್ಲ. ಗಂಗಾವತಿ ತಾಲ್ಲೂಕಿನ ಆನೆಗುಂದಿಯ ನವವೃಂದಾವನದಲ್ಲಿ ವ್ಯಾಸರಾಯರ ವೃಂದಾವನವಿದೆ. ‘ತರ್ಕತಾಂಡವ’ದಂಥ ಕಠಿಣ ಶಾಸ್ತ್ರಗ್ರಂಥ ಬರೆದ ಅದೇ ಕೈ ಕೀರ್ತನೆಗಳನ್ನೂ ಬರೆಯಿತು. ಪುರಂದರದಾಸರು ಅವರ ಶಿಷ್ಯರು. ಶಾಸ್ತ್ರ ಒಂದು ಕಡೆ, ಹಾಡು ಒಂದು ಕಡೆ ಎಂದು ಬೇಲಿ ಹಾಕಿದವರು ಅವರಲ್ಲ, ನಮ್ಮ ಟೈಮ್‌ಟೇಬಲ್‌ಗಳು.

ಇನ್ನು ವಚನ. ವಚನಕ್ಕೆ ಗೊತ್ತಾದ ಛಂದಸ್ಸಿಲ್ಲ. ಉಸಿರು ಎಲ್ಲಿ ತೆಗೆಯಬೇಕು, ಸಮ್ ಯಾವ ಪದದ ಮೇಲೆ ಬೀಳಬೇಕು, ಯಾವ ಮಾತನ್ನು ಎರಡು ಸಲ ಹಾಡಿದರೆ ಅರ್ಥ ಕೆಡುತ್ತದೆ ಎನ್ನುವುದನ್ನು ಹಾಡುವವರೇ ತೀರ್ಮಾನಿಸಬೇಕು. ಮಲ್ಲಿಕಾರ್ಜುನ ಮನ್ಸೂರ, ಸಿದ್ಧರಾಮ ಜಂಬಲದಿನ್ನಿ ಅವರ ವಚನಗಾಯನ ಕೇಳಿ ನೋಡಿ: ರಾಗ ಮಾತನ್ನು ನುಂಗುವುದಿಲ್ಲ. ಕನ್ನಡ ತರಗತಿಯಲ್ಲಿ ವಚನದ ಪಾಠ ನಡೆಯುವ ವಾರವೇ ಅದೇ ವಚನವನ್ನು ಒಂದು ರಾಗದಲ್ಲಿ ಕೂರಿಸಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅಲ್ಲಿ ಮೇಷ್ಟ್ರನ್ನು ಕೇಳಿ.

5. ಇಬ್ಬರನ್ನು ಎದುರಿಗಿಟ್ಟುಕೊಳ್ಳಿ

ಸಾಹಿತ್ಯದ ಓದು ಮತ್ತು ಸಂಗೀತ ಎರಡರಲ್ಲೂ ತಲೆಯೆತ್ತಿ ನಿಂತವರು ನಮ್ಮ ಭಾಗದ ನೆನಪಿಗೆ ಹತ್ತಿರವೇ ಇದ್ದಾರೆ.

ರಾಜಶೇಖರ ಮನ್ಸೂರ (1942–2022) ಮಲ್ಲಿಕಾರ್ಜುನ ಮನ್ಸೂರರ ಮಗ, ಜೈಪುರ-ಅತ್ರೌಲಿ ಘರಾಣೆಯ ಗಾಯಕ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ. ಬೆಳಿಗ್ಗೆ ಇಂಗ್ಲಿಷ್ ಪಾಠ ಹೇಳಿ, ಬೈಠಕ್‌ಗಳಲ್ಲಿ ತಂದೆಯ ಹಿಂದೆ ತಂಬೂರಿ ಹಿಡಿದು ದನಿಗೂಡಿಸಿದವರು. ನೌಕರಿ ಬಿಡಲಿಲ್ಲ, ಗಾಯನವನ್ನೂ ಬಿಡಲಿಲ್ಲ. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಬಂತು.

ರಾಜೀವ ತಾರಾನಾಥ (1932–2024) ಅವರ ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ, ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದವರು. 1997ರವರೆಗೆ ಕೊಪ್ಪಳವೂ ರಾಯಚೂರು ಜಿಲ್ಲೆಯಲ್ಲೇ ಇತ್ತು; ಆ ಲೆಕ್ಕದಲ್ಲಿ ಇವರು ನಮ್ಮವರೇ. ಮಗ ರಾಜೀವರು ಟಿ.ಎಸ್. ಎಲಿಯಟ್ ಕಾವ್ಯದ ಮೇಲೆ ಪಿಎಚ್.ಡಿ. ಮಾಡಿ, ಇಂಗ್ಲಿಷ್ ಅಧ್ಯಾಪಕರಾಗಿ, ಕನ್ನಡ ನವ್ಯ ಸಾಹಿತ್ಯಕ್ಕೆ ಒಳ್ಳೆಯ ವಿಮರ್ಶಕರಾಗಿ ಹೆಸರು ಮಾಡಿದರು. ಜೊತೆಗೆ ಅಲಿ ಅಕ್ಬರ್ ಖಾನ್ ಅವರ ಶಿಷ್ಯರಾಗಿ ಸರೋದ್ ಕಲಿತರು. ಕೊನೆಗೆ ಅಧ್ಯಾಪನ ಬಿಟ್ಟು ಪೂರ್ತಿ ಸಂಗೀತಕ್ಕೇ ಬಂದರು. 1970ರ ‘ಸಂಸ್ಕಾರ’ ಚಿತ್ರಕ್ಕೆ ಅವರದೇ ಸಂಗೀತ. 2019ರಲ್ಲಿ ಪದ್ಮಶ್ರೀ.

ಒಬ್ಬರು ಎರಡನ್ನೂ ಕೊನೆತನಕ ಇಟ್ಟುಕೊಂಡರು, ಇನ್ನೊಬ್ಬರು ಒಂದನ್ನು ಬಿಟ್ಟರು. ಬಿಟ್ಟವರ ಕಾವ್ಯದ ಓದು ವ್ಯರ್ಥವಾಯಿತೇ? ಅವರು ಒಂದು ಸ್ವರವನ್ನು ಎಷ್ಟು ಹೊತ್ತು ಬಳಸದೆ ಕಾಯಿಸುತ್ತಿದ್ದರು ಎಂಬುದನ್ನು ಕೇಳಿದವರು ಹಾಗೆ ಹೇಳಲಾರರು. ಇಬ್ಬರಿಗೂ ಮನೆಯಲ್ಲೇ ಸಂಗೀತವಿತ್ತು, ನಮ್ಮ ಮಕ್ಕಳಿಗೆ ಅದಿಲ್ಲ ಎಂದು ಯಾರಾದರೂ ಅಂದರೆ ಆ ಮಾತು ನ್ಯಾಯವೇ. ಅದಕ್ಕೇ ಮುಂದಿನ ಸೂತ್ರ.

6. ಗುರು ಮೊದಲು, ಕಾಲೇಜು ಆಮೇಲೆ

ಪ್ರಾಸ್ಪೆಕ್ಟಸ್ ನೋಡಿ ಸಂಗೀತ ಕಾಲೇಜು ಆರಿಸಬೇಡಿ. ಅಲ್ಲಿ ಯಾರು ಹೇಳಿಕೊಡುತ್ತಾರೆ ಎಂದು ವಿಚಾರಿಸಿ. ಮನೆಯಲ್ಲಿ ಸಂಗೀತ ಇಲ್ಲದ ಮಕ್ಕಳಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಮನೆಯಾದದ್ದು ಉಂಟು. ಪಂಚಾಕ್ಷರ ಗವಾಯಿಗಳು (1892–1944) ಅಂಧ, ಅನಾಥ, ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ ಕಲಿಸಿದರು. ಬಸವರಾಜ ರಾಜಗುರು ಬಂದದ್ದು ಅದೇ ನೆರಳಿನಿಂದ. ಪಂಚಾಕ್ಷರ ಗವಾಯಿಗಳ ನಂತರ ಪುಟ್ಟರಾಜ ಗವಾಯಿಗಳು (1914–2010) ಹಾಡಿದ್ದಷ್ಟೇ ಅಲ್ಲ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ಬರೆದರು, ನಾಟಕ ಕಂಪನಿ ನಡೆಸಿದರು. ಯಾವ ವಿಶ್ವವಿದ್ಯಾಲಯದ ದಾಖಲಾತಿಯೂ ಇಲ್ಲದೆ ಎರಡು ಪದವಿಯ ಓದು ಓದಿದವರು ಅವರು.

ಧಾರವಾಡದ್ದು ಬೇರೆ ಹದ. ಅಲ್ಲಿ ವಿಶ್ವವಿದ್ಯಾಲಯದ ಒಳಗೇ ಘರಾಣೆ ಹೊಕ್ಕಿತು: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸಿದವರು. ಹೊಳೆಯಾಚೆ 1991ರಲ್ಲಿ ಆರಂಭವಾದ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲೂ ಸಂಗೀತ ವಿಭಾಗವಿದೆ. ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವ, ಸಂಶೋಧನೆ ಮಾಡುವ ಆಸೆ ಇರುವವರು ಮುಂದೆ ಆ ಕಡೆ ನೋಡಬಹುದು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಅದು ದೂರ.

7. ಬೆಳಗಿನ ಒಂದು ತಾಸು ಯಾರಿಗೂ ಕೊಡಬೇಡಿ

ಎರಡು ಪದವಿ ಓದುವವರು ಮೊದಲು ಬಲಿ ಕೊಡುವುದು ರಿಯಾಜನ್ನು. ಪರೀಕ್ಷೆ ಬಂತು, ಅಸೈನ್‌ಮೆಂಟ್ ಬಂತು, ‘ಇವತ್ತೊಂದಿನ ಬಿಡೋಣ’ ಬಂತು. ಹಾಗೆ ಬಿಟ್ಟ ದಿನಗಳ ಲೆಕ್ಕವನ್ನು ಗಂಟಲು ತಪ್ಪದೆ ಇಟ್ಟುಕೊಂಡಿರುತ್ತದೆ.

ನಸುಕಿನಲ್ಲಿ ಎದ್ದು ಉಗುರುಬೆಚ್ಚಗಿನ ನೀರು ಕುಡಿದು ಕೂತುಕೊಳ್ಳಿ. ಬೆನ್ನು ನೆಟ್ಟಗಿರಲಿ. ಮೊಬೈಲಿನ ತಂಬೂರಿ ಆ್ಯಪ್ ಸಾಕು. ಅದನ್ನು ಏರೋಪ್ಲೇನ್ ಮೋಡಿಗೆ ಹಾಕುವುದು ಕಡ್ಡಾಯ. ಮೊದಲು ಷಡ್ಜ: ಉಸಿರು ಮುಗಿಯುವವರೆಗೆ ಒಂದೇ ತೂಕದಲ್ಲಿ ಹಿಡಿದು, ನಡುಗುವ ಮೊದಲೇ ಬಿಡಬೇಕು. ಆಮೇಲೆ ಒಂದೊಂದೇ ಸ್ವರ ಕೆಳಗಿಳಿದು ಮಂದ್ರ ಪಂಚಮದ ತನಕ ಹೋಗಿ ಬನ್ನಿ. ದನಿ ಸಿಗದ ಕಡೆ ಒತ್ತಬೇಡಿ, ಕಾಯಿರಿ. ಆಮೇಲೆ ಅಲಂಕಾರಗಳು, ಮೊದಲು ಆಕಾರದಲ್ಲಿ ನಿಧಾನಕ್ಕೆ. ಉಳಿದ ಹೊತ್ತು ಒಂದೇ ರಾಗ. ಪಠ್ಯದಲ್ಲಿ ಹತ್ತು ರಾಗ ಇರಬಹುದು. ಒಂದನ್ನು ತಿಂಗಳುಗಟ್ಟಲೆ ತಿರುವಿ ನೋಡಿದವರಿಗೆ ಉಳಿದ ಒಂಬತ್ತು ಬೇಗ ಬಾಗುತ್ತವೆ.

ಪೇಟಿಯನ್ನು ಸದಾ ನೆಚ್ಚಬೇಡಿ. ಅದರ ಸ್ವರಗಳು ಗಟ್ಟಿಮಾಡಿದ ಸ್ವರಗಳು. ಅದನ್ನೇ ಹಿಂಬಾಲಿಸಿದ ಕಿವಿಗೆ ಭೈರವದ ಆಂದೋಲಿತ ರಿಷಭ ಸಿಗುವುದು ಕಷ್ಟ.

ಇನ್ನೊಂದು ಮಾತು, ಈ ಭಾಗಕ್ಕೆ ಮಾತ್ರ ಹೇಳಬೇಕಾದದ್ದು. ಗಿಣಿಗೇರಾ, ಹಿಟ್ನಾಳ ಹೆದ್ದಾರಿಯ ಆಸುಪಾಸಿನಲ್ಲಿ ಕಾರ್ಖಾನೆಗಳ ಮತ್ತು ಲಾರಿಗಳ ಧೂಳು ಜಾಸ್ತಿ. ಬೈಕಿನಲ್ಲಿ ಓಡಾಡುವವರು ಮೂಗು ಬಾಯಿಗೆ ಬಟ್ಟೆ ಕಟ್ಟದೆ ಹೊರಡಬೇಡಿ. ಗಾಯಕರ ಬಂಡವಾಳ ಇರುವುದು ಅಲ್ಲೇ.

8. ಬಸ್ಸು, ರೈಲು, ಹುಣ್ಣಿಮೆ

ಮುನಿರಾಬಾದ್, ಗಿಣಿಗೇರಾ, ಕೊಪ್ಪಳ ಮೂರೂ ಗದಗ, ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದಲ್ಲಿವೆ. ಕೊಪ್ಪಳದಿಂದ ಗದಗ ಅರವತ್ತು ಕಿಲೋಮೀಟರ್ ಆಸುಪಾಸು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ವಾರಕ್ಕೆರಡು ಸಲ ಗದಗಿನ ಗುರುಗಳ ಹತ್ತಿರ ಹೋಗಿಬರುವುದು ಈಗ ದುಡ್ಡಿನ ಪ್ರಶ್ನೆಯಲ್ಲ, ಹೊತ್ತಿನ ಪ್ರಶ್ನೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ದಿನ ಹುಲಿಗಿಯ ಹುಲಿಗೆಮ್ಮನ ಭಕ್ತರಿಂದ ಈ ದಾರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಾಠದ ದಿನ ಗೊತ್ತುಮಾಡುವಾಗ ಗುರುಗಳಿಗೆ ಇದನ್ನು ಮೊದಲೇ ಹೇಳಿ. ತಂಬೂರಿ ಹೊತ್ತುಕೊಂಡು ಆ ನೂಕುನುಗ್ಗಲಿನಲ್ಲಿ ಹತ್ತುವುದು ಬೇಡ.

9. ಎರಡನ್ನೂ ಒಂದೇ ಜೂನ್‌ನಲ್ಲಿ ಶುರು ಮಾಡಬೇಡಿ

ಅಮೆರಿಕದ ಓಬರ್ಲಿನ್‌ನಲ್ಲಿ ಸಂಗೀತ ಮತ್ತು ಮಾನವಿಕಗಳ ಜೋಡಿ ಪದವಿಗೆ ಐದು ವರ್ಷ ಇಟ್ಟಿದ್ದಾರೆ. ಬಾರ್ಡ್ ಕಾಲೇಜಿನ ಸಂಗೀತಶಾಲೆಯಲ್ಲಂತೂ ಸಂಗೀತದ ಜೊತೆ ಇನ್ನೊಂದು ವಿಷಯದ ಪದವಿ ಕಡ್ಡಾಯ; ಅಲ್ಲಿಯೂ ಐದು ವರ್ಷ. ಮೂರು ವರ್ಷದಲ್ಲಿ ಎರಡನ್ನೂ ಮುಗಿಸಿ ತೋರಿಸಬೇಕೆಂಬ ಅವಸರ ನಮಗೆ ಮಾತ್ರ ಯಾಕೆ? ಮೊದಲ ವರ್ಷ ಒಂದಕ್ಕೇ ಸೇರಿ. ಅದರ ರೀತಿ ಗೊತ್ತಾದ ಮೇಲೆ ಎರಡನೆಯದು. ಒಂದು ವರ್ಷ ತಡವಾದರೆ ಕಳೆದುಹೋಗುವುದು ಏನೂ ಇಲ್ಲ.

10. ನಿಮ್ಮೂರಿನ ಹಾಡನ್ನು ಬರೆದಿಡಿ

ಎರಡು ಪದವಿಯವರಿಗೆ ಇರುವ ನಿಜವಾದ ಮೇಲುಗೈ ಇದು. ಹಾಡುವವರಿಗೆ ಬರೆಯಲು ಬರುವುದಿಲ್ಲ, ಬರೆಯುವವರಿಗೆ ಸ್ವರ ಗುರುತಿಸಲು ಬರುವುದಿಲ್ಲ. ಎರಡೂ ಬಂದರೆ ನಿಮ್ಮಷ್ಟು ಕೆಲಸಕ್ಕೆ ಬರುವವರು ಸುತ್ತಮುತ್ತ ಸಿಗುವುದಿಲ್ಲ.

ಹುಲಿಗಿಗೆ ಹೋಗಿ. ಜೋಗತಿಯರ ಚೌಡಿಕೆ ಪದಗಳನ್ನು ಕೇಳಿ. ಮಂಜಮ್ಮ ಜೋಗತಿ ಅವರು ಜೋಗತಿ ದೀಕ್ಷೆ ಪಡೆದದ್ದು ಇದೇ ಹುಲಿಗೆಮ್ಮನ ಗುಡಿಯಲ್ಲಿ. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಂಟಿ ತಂತಿಯ ಆ ಚೌಡಿಕೆಯ ಮೇಲೆ ದನಿ ಎಲ್ಲಿ ನಿಲ್ಲುತ್ತದೆ, ತಾಳ ಯಾವುದು, ಕಥೆ ಎಲ್ಲಿ ತಿರುಗುತ್ತದೆ, ಹಾಡುವವರು ಯಾರಿಂದ ಕಲಿತರು? ಅವರ ಒಪ್ಪಿಗೆ ಕೇಳಿಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಭಾತಖಂಡೆ ಸ್ವರಲಿಪಿಯಲ್ಲಿ ಬರೆಯಿರಿ. ಸ್ವರಲಿಪಿಗೆ ಸಿಗದ ಜಾಗಗಳನ್ನು ಸಿಕ್ಕಿಲ್ಲವೆಂದೇ ಗುರುತು ಹಾಕಿ. ಕುಷ್ಟಗಿ, ಯಲಬುರ್ಗಾ ಹಳ್ಳಿಗಳ ತತ್ವಪದ, ಭಜನಾ ಮೇಳಗಳನ್ನೂ ಹೀಗೇ ಬರೆಯಬಹುದು. ಕನ್ನಡದ ಕಿರುಪ್ರಬಂಧವೂ ಆಯಿತು, ಸಂಗೀತದ ಪ್ರಾಜೆಕ್ಟಿಗೆ ಸಾಮಗ್ರಿಯೂ ಆಯಿತು. ಒಂದೇ ಬರಹವನ್ನು ಎರಡೂ ಕಡೆ ಒಪ್ಪಿಸುವುದು ಮಾತ್ರ ಬೇಡ, ಅದು ಕಳ್ಳತನ.

ಭಾತಖಂಡೆಯವರು ಓದಿದ್ದು ಕಾನೂನು, ವಕೀಲರಾಗಿದ್ದವರು. ಊರೂರು ಅಲೆದು ಉಸ್ತಾದರ ಚೀಜುಗಳನ್ನು ಬರೆದಿಟ್ಟದ್ದರಿಂದಲೇ ಇವತ್ತು ನಮ್ಮ ಪಠ್ಯಕ್ರಮ ಇದೆ.

11. ದುಡ್ಡಿಗೆ ನಾಚಬೇಡಿ

ಕೊಪ್ಪಳ ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇಕಡಾ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8ರಷ್ಟು ಸೀಟು ಮೀಸಲು. ಪ್ರಮಾಣಪತ್ರ ಮೊದಲೇ ಮಾಡಿಸಿಡಿ. 18ರಿಂದ 25 ವರ್ಷದ ಯುವ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಶಿಷ್ಯವೇತನವಿದೆ: ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದಕ್ಕೆ ಗುರುಗಳ ಹತ್ತಿರ ಕನಿಷ್ಠ ಐದು ವರ್ಷ ಕಲಿತಿರಬೇಕು. ಹೈಸ್ಕೂಲಿನಲ್ಲೇ ಕಲಿಯಲು ಶುರುಮಾಡಿದವರಿಗೆ ಮಾತ್ರ ಈ ಲೆಕ್ಕ ಕೂಡುತ್ತದೆ. ತಮ್ಮ ತಂಗಿಯರಿದ್ದರೆ ಈಗಲೇ ಹೇಳಿಡಿ.

12. ನೌಕರಿಯ ಪ್ರಶ್ನೆಗೆ ನೇರ ಉತ್ತರ ಇಟ್ಟುಕೊಳ್ಳಿ

ಕೇಂದ್ರೀಯ ವಿದ್ಯಾಲಯಗಳಲ್ಲಿ, ನವೋದಯ ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳಿವೆ. ನಮ್ಮ ಜಿಲ್ಲೆಯ ನವೋದಯ ಕುಕನೂರಿನಲ್ಲೇ ಇದೆ. ಸ್ನಾತಕೋತ್ತರ ಪದವಿ ಆದ ಮೇಲೆ ಸಂಗೀತದಲ್ಲೂ ಕನ್ನಡದಲ್ಲೂ ಯುಜಿಸಿ ನೆಟ್ ಬರೆಯಬಹುದು. ಆಕಾಶವಾಣಿಯ ಆಡಿಷನ್ ಕೊಟ್ಟು ಬಿ, ಬಿ-ಹೈ, ಎ ಎಂದು ಗ್ರೇಡ್ ಪಡೆದರೆ ಕಾರ್ಯಕ್ರಮಗಳು ಸಿಗುತ್ತವೆ. ಮೈಸೂರು ಮಹಾರಾಜಾ ಕಾಲೇಜಿನ ಬಿ.ಎ. ಪದವೀಧರರಾಗಿದ್ದ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ ಬೆಂಗಳೂರು ಆಕಾಶವಾಣಿಯಲ್ಲಿ ದುಡಿದವರು. ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು, ಅದನ್ನು ಮುಚ್ಚಿಡಬೇಡಿ. ಎರಡು ಪದವಿ ಇದ್ದವರು ಎರಡು ಕಡೆ ಅರ್ಜಿ ಹಾಕಬಹುದು ಎಂಬಷ್ಟು ಮನೆಯವರಿಗೆ ಹೇಳಿದರೆ ಸಾಕು.

13. ತಡೆಯದಿದ್ದರೆ ಒಂದನ್ನು ಬಿಡಿ

ಎರಡೂ ಜೊತೆಯಾಗಿ ಎರಡು ಸೆಮಿಸ್ಟರ್ ಕಳೆಯುವ ಹೊತ್ತಿಗೆ ರಿಯಾಜೂ ಇಲ್ಲ, ಓದೂ ಇಲ್ಲ, ಬರೀ ಹಾಜರಾತಿಗೆ ಓಡಾಟ ಎನ್ನಿಸಿದರೆ ಒಂದನ್ನು ನಿಲ್ಲಿಸಿ. ಅದು ಸೋಲಲ್ಲ. ಯಾವುದನ್ನು ಬಿಡುವುದು ಎಂದು ಗೆಳೆಯರನ್ನು ಕೇಳಬೇಡಿ, ಗುರುಗಳನ್ನು ಕೇಳಿ.

14. ಅರ್ಜಿ ತುಂಬುವ ಮೊದಲು ಒಂದು ದಿನ ಗದಗಿಗೆ ಹೋಗಿ

ಅಪ್ಪ ಅವ್ವನನ್ನೂ ಕರೆದುಕೊಂಡು ಹೋಗಿ. ಪುಣ್ಯಾಶ್ರಮದಲ್ಲಿ ಮಕ್ಕಳು ಕಲಿಯುವುದನ್ನು ಕೂತು ಕೇಳಿ, ಕಲಿಸುವವರ ಮುಂದೆ ಒಂದು ಹಾಡು ಹಾಡಿ ತೋರಿಸಿ, ‘ಇವಳಿಗೆ ಇದು ಆಗತದೇನ್ರಿ?’ ಎಂದು ಅಪ್ಪನೇ ಕಲಿಸುವವರನ್ನು ಕೇಳಲಿ. ಪಿಯುಸಿ ಫಲಿತಾಂಶ ಬಂದ ಮೇಲೆ ಪ್ರವೇಶದ ಗಡಿಬಿಡಿಯಲ್ಲಿ ಇದಕ್ಕೆಲ್ಲ ಹೊತ್ತು ಸಿಗುವುದಿಲ್ಲ. ಪರೀಕ್ಷೆ ಮುಗಿದ ವಾರವೇ ಹೋಗಿಬನ್ನಿ.